ನಿಧಾನವಾದ ಯಂತ್ರ ಸತ್ತ ಯಂತ್ರವಲ್ಲ

ಅಡಿಕೆಯ ಎಲೆ ಹಳದಿಯಾದೊಡನೆ ನಾವು ಮರಕ್ಕೆ ಕೊಡಲಿ ಹಾಕುವುದಿಲ್ಲ. ಬಸಿಗಾಲುವೆ ಕಟ್ಟಿದೆಯೇ ಎಂದು ನೋಡುತ್ತೇವೆ, ಮಣ್ಣು ಪರೀಕ್ಷಿಸುತ್ತೇವೆ. ಆದರೆ ಗಣಕಯಂತ್ರ ನಿಧಾನವಾದೊಡನೆ ಹೊಸತನ್ನು ಕೊಳ್ಳಲು ಹೊರಡುತ್ತೇವೆ. ಈ ಅವಸರ ಪ್ರಶ್ನಾರ್ಹ.

2017ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪ್ ತೆರೆದುಕೊಳ್ಳಲು ಹದಿನೈದು ನಿಮಿಷ ತೆಗೆದುಕೊಳ್ಳುತ್ತಿತ್ತು. ವರ್ಷಗಳ ಮಳೆಯ ದಾಖಲೆ, ತೋಟಗಳ ಚಿತ್ರಗಳು ಅದರಲ್ಲಿದ್ದವು. ಪೇಟೆಯ ಅಂಗಡಿಯೊಂದರಲ್ಲಿ ಬಿಚ್ಚಿಯೂ ನೋಡದೆ ‘ಹೊಸತು ತೆಗೆದುಕೊಳ್ಳಿ’ ಎಂದರು. ಕಾರ್ಕಳ, ಮೂಡುಬಿದಿರೆ ಮಾರ್ಗವಾಗಿ ಮಂಗಳೂರಿಗೆ ಇಳಿಯುವವರಿಗೆ ನಂತೂರಿಗಿಂತ ಮೊದಲು ಸಿಗುವ ಬಿಕರ್ನಕಟ್ಟೆಯಲ್ಲಿ, ದುರಸ್ತಿ ಮಾಡುವ ಯುವಕನೊಬ್ಬ ಮಾತ್ರ, ‘ಮೊದಲು ಫೈಲ್ ಎಲ್ಲ ಬೇರೆ ಕಡೆ ತೆಗೆದಿಡುವ ಸರ್, ಮತ್ತೆ ಉಳಿದದ್ದು ನೋಡುವ’ ಎಂದ.

ಅವನ ಕ್ರಮ ವೈಜ್ಞಾನಿಕವಾಗಿತ್ತು. ಫ್ಯಾನಿನಲ್ಲಿ ಧೂಳು ಹೆಪ್ಪುಗಟ್ಟಿತ್ತು; ಕಾದ ಪ್ರೊಸೆಸರ್ ತನ್ನ ರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಯಂತ್ರ ಆರಂಭವಾಗುವಾಗಲೇ ಅನವಶ್ಯಕ ತಂತ್ರಾಂಶಗಳೂ ಎದ್ದು ಕೂರುತ್ತಿದ್ದವು. ಮುಖ್ಯ ದೋಷ ಸವೆದ ಹಾರ್ಡ್ ಡಿಸ್ಕಿನದು. ಅದರ ಜಾಗದಲ್ಲಿ ಎಸ್‌ಎಸ್‌ಡಿ ಬಂತು.

ಉಳಿದದ್ದು ಕಾರ್ಯಾಚರಣ ವ್ಯವಸ್ಥೆಯ ಮರುಸ್ಥಾಪನೆ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಕೇಳುವ ಪ್ರೊಸೆಸರ್ ನನ್ನಲ್ಲಿರಲಿಲ್ಲ. ಒಂದು ಕಂಪನಿಯ ನಿರ್ಧಾರದಿಂದ ದುಡಿಯಬಲ್ಲ ಯಂತ್ರ ಗುಜರಿಯಾಗಬೇಕೆ? ಪೆನ್‌ಡ್ರೈವಿನಿಂದಲೇ ಲಿನಕ್ಸ್ ಮಿಂಟ್ ನಡೆಸಿ, ವೈ-ಫೈ, ಧ್ವನಿ, ಮುದ್ರಕ ಎಲ್ಲ ಸರಿಯಿವೆಯೆಂದು ಕಂಡ ಬಳಿಕ ಸ್ಥಾಪಿಸಿದೆವು. ಈ ಮುಕ್ತ ತಂತ್ರಾಂಶಕ್ಕೆ ಬೆಲೆಯಿಲ್ಲ. 4 ಜಿಬಿ ಸ್ಮೃತಿ ಸಾಕು. ಈಗ ಯಂತ್ರ ಒಂದು ನಿಮಿಷದೊಳಗೆ ತೆರೆದುಕೊಳ್ಳುತ್ತದೆ.

ತೊಡಕುಗಳಿಲ್ಲವೆಂದಲ್ಲ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಿಸಿದ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಬೇಕಾಯಿತು. ವಿಂಡೋಸಿನಲ್ಲೇ ನಡೆಯುವ ಕೆಲವು ತಂತ್ರಾಂಶಗಳು ಇಲ್ಲಿ ನಡೆಯುವುದಿಲ್ಲ. ಆದರೆ ಓದು, ಬರಹ, ಲೆಕ್ಕಪತ್ರ, ಅಂತರಜಾಲಕ್ಕೆ ಕೊರತೆಯಿಲ್ಲ. ಕೇರಳದ ಸರಕಾರಿ ಶಾಲೆಗಳು ಬಹುಕಾಲದಿಂದ ಮುಕ್ತ ತಂತ್ರಾಂಶದಲ್ಲೇ ಗಣಕ ಕಲಿಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಹಾಗೆಯೇ ಕಲಿಯುತ್ತಿದ್ದಾರೆ.

ಇದು ಕೇವಲ ಹಣದ ಪ್ರಶ್ನೆಯಲ್ಲ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತು. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಶೇ. 22.3 ಮಾತ್ರ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಮ್ಮ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಎಸೆಯದಿರುವ ಹೊಣೆ ನಮ್ಮದು. ಕಣಿವೆಯ ತೋಡಿಗೆ ಬಿದ್ದ ಬ್ಯಾಟರಿಯನ್ನು ಯಾವ ನಿಯಮವೂ ಹೆಕ್ಕಲು ಬರುವುದಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಮುಂದಿನ ರಜೆಯಲ್ಲಿ ಊರಿನ ಶಾಲೆಯ, ಸಹಕಾರಿ ಸಂಘದ ಮೂಲೆ ಸೇರಿದ ಗಣಕಗಳನ್ನು ಒಮ್ಮೆ ಬಿಚ್ಚಿ ನೋಡಿ. ಮೊದಲು ಕಡತಗಳನ್ನು ಉಳಿಸಿ, ಬಳಿಕ ಧೂಳು ತೆಗೆಯಿರಿ, ದೋಷ ಹುಡುಕಿ, ಕೊನೆಗಷ್ಟೇ ಮರುಸ್ಥಾಪನೆ. ಕಸಿ ಕಟ್ಟಲು ಕಲಿತ ಕೈಗಳಿಗೆ ಇದೇನೂ ಕಠಿಣವಲ್ಲ.