ಕುರ್ಚಿ ಹೆಣ್ಣು, ಪೊರಕೆ ಗಂಡು

ಕಳೆದ ಸಂಚಿಕೆ ಓದಿ ತಿಪಟೂರಿನಿಂದ ನನ್ನ ತಂಗಿ ಫೋನ್ ಮಾಡಿದ್ದಳು. “ಅಕ್ಕಾ, ಫ್ರಾನ್ಸಿಗೆ ಹೋಗಿ ಇಷ್ಟು ವರ್ಷ ಆಯ್ತಲ್ಲ, ಈಗ ಫ್ರೆಂಚ್ ನಿನಗೆ ನೀರು ಕುಡಿದ ಹಾಗೆ ಬರತ್ತಾ?” ಅಂತ. “ಕುಡಿದ ಹಾಗಲ್ಲ ಕಣೇ, ಮುಕ್ಕಳಿಸಿದ ಹಾಗೆ ಬರತ್ತೆ” ಅಂದೆ. ತಮಾಷೆಗೆ ಹೇಳಿದ್ದಲ್ಲ. ಇವರ ‘ರ’ಕಾರ ನಾಲಿಗೆ ತುದಿಯಿಂದ ಹೊರಡುವುದಿಲ್ಲ. ಗಂಟಲು ನೋವಿಗೆ ಉಪ್ಪುನೀರು ಮುಕ್ಕಳಿಸುತ್ತೇವಲ್ಲ, ಅಲ್ಲಿಂದ ಹೊರಡಬೇಕು.

ನಾವಿರುವುದು ತುಲೂಸ್ ಎಂಬ ಊರಿನಲ್ಲಿ. ಫ್ರಾನ್ಸಿನ ನೈರುತ್ಯಕ್ಕೆ, ಗರೋನ್ ನದಿಯ ದಂಡೆಯ ಮೇಲಿದೆ. ಇಟ್ಟಿಗೆ ಕಟ್ಟಡಗಳ ಬಣ್ಣದಿಂದ ಗುಲಾಬಿ ನಗರ ಅಂತ ಹೆಸರು. ವಿಮಾನ ಕಟ್ಟುವ ಊರಾದ್ದರಿಂದ ನಮ್ಮವರ ಆಫೀಸಿನಲ್ಲಿ ಇಂಗ್ಲಿಷೇ ಸಾಕು. 2019ರಲ್ಲಿ ಬಂದಾಗ ಏಳು ವರ್ಷದವಳಾಗಿದ್ದ ಮಗಳು, ಆರೇ ತಿಂಗಳಲ್ಲಿ ಶಾಲೆಯ ಅಂಗಳದಲ್ಲಿ ಜಗಳವಾಡುವಷ್ಟು ಫ್ರೆಂಚ್ ಕಲಿತಳು. ಹಿಂದುಳಿದವಳು ನಾನೊಬ್ಬಳೇ.

ಮೊದಲ ಪಾಠ ಆಗಿದ್ದು ಬ್ರೆಡ್ ಅಂಗಡಿಯಲ್ಲಿ. ನಮ್ಮೂರ ಶೆಟ್ಟರ ಅಂಗಡಿಗೆ ಹೋದರೆ “ಅರ್ಧ ಕೇಜಿ ರವೆ ಕೊಡಿ” ಅನ್ನುವುದಷ್ಟೇ ತಾನೆ? ಇಲ್ಲಿ ಹಾಗೆ ಕೇಳಿದೆ ನೋಡಿ, ಅಂಗಡಿಯಾಕೆ ಕದಲಲಿಲ್ಲ. ನನ್ನನ್ನೇ ನೋಡುತ್ತಾ ನಿಧಾನವಾಗಿ “ಬೊಂಜೂರ್, ಮದಾಮ್” ಅಂದರು. ನಾನೂ ತಿರುಗಿ ಬೊಂಜೂರ್ ಅಂದ ಮೇಲೇ ಅವರ ಕೈ ಬ್ರೆಡ್ಡಿನ ಕಡೆ ಹೋಗಿದ್ದು.

ಸಂಖ್ಯೆಗಳದ್ದು ಇನ್ನೊಂದು ಪೇಚಾಟ. ಎಪ್ಪತ್ತೈದಕ್ಕೆ ಇವರು ಅರವತ್ತು-ಹದಿನೈದು ಅಂತಾರೆ. ಎಂಬತ್ತಕ್ಕೆ ನಾಲ್ಕು-ಇಪ್ಪತ್ತು. ತೊಂಬತ್ತೊಂಬತ್ತಕ್ಕೆ ನಾಲ್ಕು-ಇಪ್ಪತ್ತು-ಹತ್ತೊಂಬತ್ತು! ನಮ್ಮಜ್ಜಿ ಹಪ್ಪಳವನ್ನು ಇಪ್ಪತ್ತಿಪ್ಪತ್ತರ ಗುಡ್ಡೆ ಮಾಡಿ ಎಣಿಸುತ್ತಿದ್ದರು, ಅವರಾಗಿದ್ದರೆ ಬೇಗ ಕಲಿಯುತ್ತಿದ್ದರೋ ಏನೋ. ಫೋನ್ ನಂಬರನ್ನು ಬೇರೆ ಎರಡೆರಡು ಅಂಕಿ ಸೇರಿಸಿ ಹೇಳುತ್ತಾರೆ. ‘ಅರವತ್ತು’ ಕೇಳಿ 60 ಬರೆದಿರುತ್ತೇನೆ, ಹಿಂದೆಯೇ ‘ಹದಿನೈದು’ ಬರುತ್ತದೆ. ಅದನ್ನು ಹೊಡೆದು 75 ಮಾಡುವಷ್ಟರಲ್ಲಿ ಅವರು ನಂಬರು ಮುಗಿಸಿ ನಮಸ್ಕಾರವನ್ನೂ ಹೇಳಿರುತ್ತಾರೆ. ಪಕ್ಕದ ಬೆಲ್ಜಿಯಂ, ಸ್ವಿಟ್ಜರ್ಲೆಂಡಿನಲ್ಲಿ ಫ್ರೆಂಚ್ ಆಡುವವರು ಎಪ್ಪತ್ತಕ್ಕೂ ತೊಂಬತ್ತಕ್ಕೂ ಒಂದೊಂದೇ ಪದ ಇಟ್ಟುಕೊಂಡಿದ್ದಾರೆ. ಇವರಿಗೇನು ಕಷ್ಟವೋ!

ಇನ್ನು ಲಿಂಗ. ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರ ಹತ್ತಿರ ಇದೇ ವಿಷಯಕ್ಕೆ ಏಟು ತಿಂದವಳು ನಾನು. ಕನ್ನಡದಲ್ಲಿ ಮೇಜು, ಕುರ್ಚಿ, ಸೌಟು ಎಲ್ಲಾ ‘ಅದು’. ಇಲ್ಲಿ ಪ್ರತಿಯೊಂದೂ ಗಂಡೋ ಹೆಣ್ಣೋ ಆಗಲೇಬೇಕು. ಸಾಮಾನ್ಯ ಕುರ್ಚಿ ಹೆಣ್ಣಂತೆ, ಕೈ ಚಾಚಿ ಒರಗುವ ಆರಾಮ ಕುರ್ಚಿ ಗಂಡಂತೆ. ಇದೊಂದು ಮಾತ್ರ ನನಗೆ ತಟ್ಟನೆ ಅರ್ಥವಾಯಿತು. ಪೊರಕೆಗೆ ಇವರ ಪದ ಹೆಚ್ಚುಕಮ್ಮಿ ‘ಬಾಲೆ’ ಅಂತ ಕೇಳಿಸುತ್ತದೆ. ಹೆಸರು ಬಾಲೆ, ಆದರೆ ಪುಲ್ಲಿಂಗ! ಇದನ್ನು ನಮ್ಮವರಿಗೆ ಹೇಳಿ, ಪೊರಕೆಯನ್ನು ಅವರ ಕೈಗೇ ಕೊಟ್ಟೆ. ಒಂದು ಭಾನುವಾರ ಗುಡಿಸಿದರು.

ಕೆಳಗಿನ ಮನೆಯ ಅಜ್ಜಿ ಊಟಕ್ಕೆ ಕರೆದಾಗ ಎರಡನೇ ಸಲ ಬಡಿಸಲು ಬಂದರು. “ಮೆರ್ಸಿ” ಅಂದೆ. ಹಾಗಂದರೆ ಥ್ಯಾಂಕ್ಸ್ ತಾನೆ? ಊಟದ ಮೇಜಿನಲ್ಲಿ ಬರೀ ಮೆರ್ಸಿ ಅಂದರೆ ಬೇಡ ಅಂತಲೂ ಆಗುತ್ತದಂತೆ. ಪಾತ್ರೆ ಮುಂದೆ ಹೋಯಿತು. ನಮ್ಮ ಕಡೆಯ ಹಾಗೆ “ಸಂಕೋಚ ಬೇಡ, ಇನ್ನೊಂದು ಸೌಟು” ಅನ್ನುವ ಉಪಚಾರ ಬರಲಿಲ್ಲ. ಮುಂದಿನ ಸಲ ಗಟ್ಟಿಯಾಗಿ ತಿಂದು, ಹೊಟ್ಟೆ ತುಂಬಿತು ಅನ್ನಲು ‘ನಾನು ತುಂಬಿದ್ದೇನೆ’ ಅಂತ ನಾನೇ ಜೋಡಿಸಿ ಹೇಳಿದೆ. ಅಜ್ಜಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ದನ, ಕುದುರೆ ಗಬ್ಬವಾದಾಗ ಆಡುವ ಮಾತಂತೆ ಅದು.

ಇದೆಲ್ಲಾ ನಗುವ ವಿಷಯ. 2021ರಲ್ಲಿ ಆಗಿದ್ದು ಮಾತ್ರ ಆಗ ನಗು ತರಲಿಲ್ಲ. ಮೂರು ತಿಂಗಳಿಂದ ಮುಟ್ಟಿನಲ್ಲಿ ವಿಪರೀತ ಸ್ರಾವ. ಮೆಟ್ಟಿಲು ಹತ್ತಿದರೆ ತಲೆ ಸುತ್ತು. ನಮ್ಮವರು ಊರಲ್ಲಿರಲಿಲ್ಲ, ಒಂಬತ್ತು ವರ್ಷದ ಮಗಳನ್ನೇ ದುಭಾಷಿ ಮಾಡಿಕೊಂಡು ಲೇಡಿ ಡಾಕ್ಟರ ಹತ್ತಿರ ಹೋದೆ. ಆ ಮಗುವಿನ ಬಾಯಲ್ಲಿ ಏನಂತ ಹೇಳಿಸಲಿ? “ಸುಸ್ತು ಅಂತ ಹೇಳು” ಅಂದೆ. ಡಾಕ್ಟರು ಏನೋ ಕೇಳಿದರು. ಮಗಳು, “ಅಮ್ಮಾ, ನಿನ್ನ ರೂಲ್ಸ್ ಎಲ್ಲಾ ಸರಿಯಾಗಿ ನಡೀತಿದೆಯಾ ಅಂತಾರೆ” ಅಂದಳು. ಊಟ ಉಪವಾಸದ ನಿಯಮ ಇರಬೇಕು ಅಂದುಕೊಂಡು, “ಹೂಂ, ತಿಂಗಳಿಗೆ ಎರಡು ಸಲ, ಏಕಾದಶಿ ತಪ್ಪಿಸಲ್ಲ” ಅಂದೆ. ಏಕಾದಶಿಗೆ ಫ್ರೆಂಚ್ ಪದ ಸಿಗದೆ ಮಗಳು ‘ತಿಂಗಳಿಗೆ ಎರಡು ಸಲ’ ಅಂತಷ್ಟೇ ದಾಟಿಸಿದಳು. ಡಾಕ್ಟರ ಹುಬ್ಬು ಮೇಲೆ ಹೋಯಿತು. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಒಂದು ಹಾಳೆ ತುಂಬಾ ಬರೆದರು.

ಆಮೇಲೆ ಗೊತ್ತಾಯಿತು. ಫ್ರೆಂಚಿನಲ್ಲಿ ನಿಯಮಕ್ಕೂ ಮುಟ್ಟಿಗೂ ‘ರೆಗ್ಲ್’ ಅನ್ನುವ ಒಂದೇ ಪದ! ಮಗಳಿಗೆ ಗೊತ್ತಿದ್ದದ್ದು ಶಾಲೆಯ ಗೋಡೆಗೆ ಅಂಟಿಸಿದ್ದ ರೆಗ್ಲ್ ಮಾತ್ರ.

ಮರುವಾರವೇ ನಮ್ಮ ಬಡಾವಣೆಯ ಸಂಘದವರು ನಡೆಸುವ ತರಗತಿಗೆ ಸೇರಿದೆ. ಮೊರಾಕೊದವರು, ಪೋರ್ಚುಗಲ್ಲಿನವರು, ಎಲ್ಲಾ ನನ್ನ ವಯಸ್ಸಿನವರೇ. ನಿವೃತ್ತ ಟೀಚರೊಬ್ಬರು ಪಾಠ ಹೇಳುತ್ತಿದ್ದರು. ಪಾಠ ಮುಗಿದ ಮೇಲೆ ಅವರನ್ನು ಪಕ್ಕಕ್ಕೆ ಕರೆದು ನನಗೆ ಬೇಕಾದ ಐದು ವಾಕ್ಯ ಹೇಳಿಸಿಕೊಂಡು, ಕನ್ನಡದ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ಪರೀಕ್ಷೆಯ ವರದಿ ಬಂದಾಗ ರಕ್ತ ತೀರಾ ಕಡಿಮೆ ಇತ್ತು. ಈ ಸಲ ಮಗಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಬ್ಬಳೇ ಒಳಗೆ ಹೋದೆ. ಮೊದಲು ಬೊಂಜೂರ್, ಆಮೇಲೆ ಐದು ವಾಕ್ಯ. ಮುಟ್ಟನ್ನೇ ಪುಲ್ಲಿಂಗ ಮಾಡಿ ಹೇಳಿದೆನಂತೆ. ಡಾಕ್ಟರು ನಗಲಿಲ್ಲ, ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಏಕಾದಶಿ ವಿಷಯ ಕೈಸನ್ನೆಯಲ್ಲಿ ತಿಳಿಸಿದಾಗ ಮಾತ್ರ ಇಬ್ಬರೂ ನಕ್ಕೆವು. ಕಬ್ಬಿಣದ ಮಾತ್ರೆ, ಸ್ರಾವಕ್ಕೆ ಔಷಧಿ ಬರೆದುಕೊಟ್ಟರು.

ಹೊರಗೆ ಬಂದಾಗ ಮಗಳು ಎದ್ದು ನಿಂತಳು. “ಯಾಕಮ್ಮ ಅಷ್ಟು ನಗ್ತಿದ್ರಿ? ಏನಂದ್ರು ಡಾಕ್ಟ್ರು?”

“ದೊಡ್ಡವರ ಮಾತು, ನಿನಗ್ಯಾಕೆ? ನಡಿ” ಅಂದೆ.