ಸಾಲಕ್ಕೆ ಖಾತರಿ ಉಂಟು, ಬಿಲ್ಲಿಗೆ ಇಲ್ಲ

ಶನಿವಾರ ಬಂತೆಂದರೆ ಸಣ್ಣ ಕಟ್ಟಡ ಗುತ್ತಿಗೆದಾರನಿಗೆ ಬಟವಾಡೆಯ ಚಿಂತೆ. ಬೆಂಗಳೂರಿನ ಕೆ.ಆರ್.ಪುರದ 30x40 ಸೈಟಿನಲ್ಲಿ ಮನೆ ಕಟ್ಟುವವನಿರಲಿ, ಹಲಸೂರಿನಲ್ಲಿ ಪಾಲಿಕೆಯ ಕಾಮಗಾರಿ ಹಿಡಿದವನಿರಲಿ, ಗಾರೆಯವರ ಕೂಲಿ, ಸೆಂಟ್ರಿಂಗ್ ಬಾಡಿಗೆ, ಎಂ-ಸ್ಯಾಂಡ್ ಲೋಡಿನ ದುಡ್ಡನ್ನು ಮೊದಲು ಕೈಯಿಂದಲೇ ಹಾಕಬೇಕು. ಮನೆ ಮಾಲೀಕರ ಕಂತು ಮೋಲ್ಡ್ ಹಾಕಿದ ಮೇಲೆ ಬರುತ್ತದೆ. ಪಾಲಿಕೆಯ ಬಿಲ್ಲಿಗೆ ವರ್ಷಗಟ್ಟಲೆ ಕಾದವರಿದ್ದಾರೆ.

ಇಂಥವರಿಗೆ ಸರ್ಕಾರದ ಆಸರೆ ಇಲ್ಲವೆನ್ನಲಾಗದು. ಕೇಂದ್ರ ಸರ್ಕಾರ ಮತ್ತು ಸಣ್ಣ ಉದ್ಯಮಗಳ ಬ್ಯಾಂಕಾದ ಸಿಡ್ಬಿ 2000ದಲ್ಲಿ ಕಟ್ಟಿದ ಸಿಜಿಟಿಎಂಎಸ್‌ಇ ನಿಧಿ, ಅಡಮಾನವಿಲ್ಲದ ಸಾಲಕ್ಕೆ ಖಾತರಿ ಕೊಡುತ್ತದೆ. ಅದರ ಮಿತಿ 2023ರಲ್ಲಿ 5 ಕೋಟಿ ರೂಪಾಯಿಗೆ, 2025ರ ಏಪ್ರಿಲ್‌ನಲ್ಲಿ 10 ಕೋಟಿಗೆ ಏರಿತು. ಮುದ್ರಾ ಯೋಜನೆಯಲ್ಲಿ ಹಳೆಯ ಸಾಲ ಚೊಕ್ಕವಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಸಿಗುತ್ತದೆ. ದಂಡು ರೈಲು ನಿಲ್ದಾಣದ ಬಳಿ, ತಿಮ್ಮಯ್ಯ ರಸ್ತೆಯಲ್ಲಿ, 1959ರಿಂದ ಸಾಲ ಕೊಡುತ್ತ ಬಂದ ರಾಜ್ಯ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಸಿಯ ಕೇಂದ್ರ ಕಚೇರಿಯೂ ಇದೆ. ಬ್ಯಾಂಕುಗಳು ಅಡಮಾನಕ್ಕೆ ಒಪ್ಪಲು ಹಿಂಜರಿಯುವ ಬಿ ಖಾತಾ ಆಸ್ತಿಗಳು ಹೆಚ್ಚಿರುವ ನಗರದ ಪೂರ್ವಭಾಗದಲ್ಲಿ ಅಡಮಾನ ಬೇಡವೆನ್ನುವ ಸಾಲದ ಬೆಲೆ ದೊಡ್ಡದು.

ಆದರೆ ಆ ಖಾತರಿ ಯಾರಿಗೆ? ಸಾಲಗಾರ ಕೈಚೆಲ್ಲಿದರೆ ಬಾಕಿಯ ಬಹುಪಾಲು, ಸಾಮಾನ್ಯವಾಗಿ ಶೇ 75ರಿಂದ 85ರಷ್ಟು, ಬ್ಯಾಂಕಿಗೆ ಸಿಗುತ್ತದೆ. ಗುತ್ತಿಗೆದಾರನ ಋಣವೇನೂ ಹರಿಯುವುದಿಲ್ಲ. 50 ಲಕ್ಷದ ಕೆಲಸಕ್ಕೆ ಶೇ 12ರ ಬಡ್ಡಿಯಲ್ಲಿ ಅಷ್ಟೂ ಸಾಲ ತಂದು, ಬಿಲ್ಲು ಒಂದು ವರ್ಷ ತಡವಾಯಿತೆನ್ನಿ. ಬಡ್ಡಿಯೇ 6 ಲಕ್ಷ. ಹತ್ತು ಪರ್ಸೆಂಟ್ ಲಾಭ ಹಿಡಿದಿದ್ದರೆ ಸಿಗಬೇಕಾದದ್ದು 5 ಲಕ್ಷ. ಕೆಲಸ ಕೊಟ್ಟವರು ಉಳಿಸಿಕೊಂಡ ಬಾಕಿಗೆ ಕೆಲಸ ಮಾಡಿದವನು ಬಡ್ಡಿ ತೆತ್ತಂತಾಯಿತು.

ಕಾನೂನಿನಲ್ಲೂ ಇಬ್ಬಗೆಯಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ 45 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಸಾಮಗ್ರಿ, ಕೂಲಿ ಎರಡೂ ಬೆರೆತ ಕಾಮಗಾರಿ ಗುತ್ತಿಗೆ ಈ ಕಾಯ್ದೆಗೆ ಒಳಪಡದು ಎಂದು ಬಾಂಬೆ ಹೈಕೋರ್ಟ್ ಸೇರಿದಂತೆ ಕೆಲವು ನ್ಯಾಯಾಲಯಗಳು ಹೇಳಿವೆ. ಸಣ್ಣ ಉದ್ಯಮವೆಂದು ಗುರುತಿಸುವ ಉದ್ಯಮ್ ನೋಂದಣಿ ತೋರಿಸಿ ಸಾಲ ಪಡೆದವನೇ ಬಾಕಿ ಕೇಳಲು ಹೋದಾಗ ಸಣ್ಣ ಉದ್ಯಮಿಯಾಗಿ ಉಳಿಯುವುದಿಲ್ಲ!

ಕಟ್ಟುವವರೆಲ್ಲರಿಗೂ ಕಣ್ಣುಮುಚ್ಚಿ ಸಾಲ ಕೊಡಿ ಎಂಬುದು ಇಲ್ಲಿನ ವಾದವಲ್ಲ. 2024ರ ಅಕ್ಟೋಬರ್‌ನಲ್ಲಿ ನಗರದ ಬಾಬುಸಾಪಾಳ್ಯದಲ್ಲಿ ಅನುಮತಿ ಮೀರಿ ಎದ್ದ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತರು. ಸಾಲದ ಪ್ರತಿ ಕಂತಿಗೂ ಮಂಜೂರಾದ ನಕ್ಷೆ, ಎಂಜಿನಿಯರ್ ತಪಾಸಣೆ ಇರಲೇಬೇಕು.

ಅಷ್ಟೇ ಕಟ್ಟುನಿಟ್ಟು ಹಣ ಕೊಡುವವರಿಗೂ ಬೇಕು. ಕಾಮಗಾರಿ ಗುತ್ತಿಗೆಯೂ 45 ದಿನಗಳ ನಿಯಮದೊಳಗೆ ಬರುತ್ತದೆಂದು ಸಂಸತ್ತು ಕಾಯ್ದೆಯಲ್ಲೇ ಬರೆಯಲಿ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ, ಹಲಸೂರು ಕೇಂದ್ರ ಪಾಲಿಕೆಗೂ ಕೆ.ಆರ್.ಪುರ ಪೂರ್ವ ಪಾಲಿಕೆಗೂ ಸೇರಿವೆ. ಅಳತೆ ಪುಸ್ತಕಕ್ಕೆ ಎಂಜಿನಿಯರ್ ಸಹಿ ಬಿದ್ದ ಬಿಲ್ಲುಗಳನ್ನು ಈ ಪಾಲಿಕೆಗಳು ಸಣ್ಣ ಉದ್ಯಮಗಳ ಬಾಕಿ ಬಿಲ್ಲಿನ ಮೇಲೆ ಹಣ ಒದಗಿಸುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಗೆ ಏರಿಸಲಿ. ಆಗ ಬ್ಯಾಂಕು ಗುತ್ತಿಗೆದಾರನಿಗೆ ಕೂಡಲೇ ಹಣ ಕೊಟ್ಟು, ಗಡುವಿಗೆ ಪಾಲಿಕೆಯಿಂದ ವಸೂಲು ಮಾಡುತ್ತದೆ. ಖಾತರಿಯ ಮಿತಿಯನ್ನು 10 ಕೋಟಿಯಿಂದ ಇನ್ನೂ ಏರಿಸುವ ಮೊದಲು ಈ ಎರಡು ಕೆಲಸ ಆಗಲಿ.