ತಪ್ಪು ಮತ್ತು ಒಪ್ಪು

ಕನ್ನಡದಲ್ಲಿ ‘ಒಪ್ಪು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಸರಿಯಾದುದು ಒಪ್ಪು, ಇದ್ದುದನ್ನು ಇದ್ದಂತೆ ಸ್ವೀಕರಿಸುವುದೂ ಒಪ್ಪುವುದೇ. ತಪ್ಪನ್ನು ಒಪ್ಪಿಕೊಂಡವನು ಸರಿದಾರಿಯನ್ನು ಅರ್ಧ ನಡೆದಂತೆಯೇ ಎಂದು ನಮ್ಮ ಹಿರಿಯರು ಭಾವಿಸಿದ್ದರೋ ಏನೋ! ನಡೆಯುವವನೇ ಎಡವುತ್ತಾನೆ, ಕುಳಿತವನು ಎಡವುವುದಿಲ್ಲವೆಂಬುದನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಆದರೂ ಫಲಿತಾಂಶ ಬಂದ ದಿನ ಕಾಲೇಜಿನ ಅಂಗಳದಲ್ಲಿ ಕಾಣುವ ಮುಖಗಳನ್ನು ನೋಡಿದರೆ, ಈ ಮಾತು ನಮ್ಮ ಕಿವಿಯನ್ನು ದಾಟಿ ಎದೆಗೆ ಇಳಿದಿಲ್ಲವೆಂದೇ ಹೇಳಬೇಕಾಗುತ್ತದೆ.

ಮೈಸೂರಿನವರಾದ ನಾವು ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಭಾನುವಾರ ಸಂಜೆ ದೀಪಗಳಿಂದ ಬೆಳಗುವ ಅರಮನೆಯನ್ನು ನೋಡಿ ಬೆರಗಾಗುವವರಲ್ಲಿ ಅನೇಕರಿಗೆ, ಅದು ಒಂದು ಅನಾಹುತದ ಬೂದಿಯ ಮೇಲೆ ಎದ್ದು ನಿಂತುದೆಂಬುದು ನೆನಪಿರದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಬೆಂಕಿ ಬಿದ್ದು, ಬಹುಮಟ್ಟಿಗೆ ಮರದಿಂದಲೇ ಕಟ್ಟಿದ್ದ ಹಳೆಯ ಅರಮನೆ ಸುಟ್ಟುಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಇನ್ನೂ ಬಾಲಕರು. ರಾಜ್ಯದ ಹೊಣೆ ತಾಯಿ ವಾಣಿವಿಲಾಸ ಸನ್ನಿಧಾನದವರ ಮೇಲಿತ್ತು. ಮದುವೆಯ ಮನೆಗೆ ಬೆಂಕಿ ಬಿದ್ದುದನ್ನು ಅಪಶಕುನವೆಂದು ಹಲುಬುತ್ತ ಕೂರಬಹುದಾಗಿತ್ತು. ಹಾಗಾಗಲಿಲ್ಲ. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಹೊಸ ಅರಮನೆಯ ಕೆಲಸವನ್ನು ಒಪ್ಪಿಸಿದರು. ಕಲ್ಲು, ಇಟ್ಟಿಗೆ, ಕಬ್ಬಿಣಗಳು ಮುಖ್ಯವಾದವು. ಕಲ್ಯಾಣಮಂಟಪದ ಎರಕದ ಕಂಬಗಳು ಗ್ಲಾಸ್ಗೋ ನಗರದಿಂದ ಬಂದವು. 1912ರಲ್ಲಿ ಕಟ್ಟಡ ಮುಗಿಯಿತು. ಬೆಂಕಿ ತೋರಿಸಿಕೊಟ್ಟ ಕೊರತೆಯನ್ನು ಒಪ್ಪಿಕೊಂಡುದರಿಂದಲೇ ಈ ಅರಮನೆ ನಮಗೆ ದೊರೆಯಿತು.

ಕಟ್ಟಡದ ಮಾತು ಹಾಗಿರಲಿ, ಮನುಷ್ಯರ ಮಾತಿಗೆ ಬರೋಣ. ಮಲೆನಾಡಿನ ಕುಪ್ಪಳಿಯಿಂದ ಓದಲು ಮೈಸೂರಿಗೆ ಬಂದ ಪುಟ್ಟಪ್ಪನೆಂಬ ವಿದ್ಯಾರ್ಥಿ ಮೊದಲು ಕವಿತೆ ಬರೆದುದು ಇಂಗ್ಲಿಷಿನಲ್ಲಿ. 1922ರಲ್ಲಿ ಆ ಕವನಗಳು ಪುಸ್ತಕವಾಗಿಯೂ ಬಂದವು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ, ತರುಣನು ತನ್ನ ಕವನಗಳನ್ನು ಅವರಿಗೆ ತೋರಿಸಿದನು. ನಿನ್ನ ಮಾತೃಭಾಷೆಯಲ್ಲಿ ಬರೆ ಎಂದರು ಅವರು. ಹೊಗಳಿಕೆಯನ್ನು ನಿರೀಕ್ಷಿಸಿ ಹೋದವನಿಗೆ ಈ ಮಾತು ಹೇಗೆ ರುಚಿಸೀತು? ಆದರೆ ಅವನು ಅದನ್ನು ಒಪ್ಪಿಕೊಂಡನು. ಆ ಒಪ್ಪಿಗೆಯಿಂದ ಕನ್ನಡಕ್ಕೆ ಕುವೆಂಪು ದೊರೆತರು. 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಕನ್ನಡದ ಕೃತಿಗೇ ಬಂದಿತು.

ಆರ್. ಕೆ. ನಾರಾಯಣರ ಕಥೆ ಇನ್ನೂ ನಮಗೆ ಹತ್ತಿರದ್ದು. ಮುಂದೆ ಇಂಗ್ಲಿಷಿನಲ್ಲಿ ಬರೆದು ಲೋಕವಿಖ್ಯಾತರಾದ ಅವರು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದವರು. ಆ ವರ್ಷವನ್ನು ಅವರು ಓದಿನಲ್ಲಿ ಕಳೆದರು. 1930ರಲ್ಲಿ ಬಿ.ಎ. ಮುಗಿಯಿತು. ಮೊದಲ ಕಾದಂಬರಿಯ ಹಸ್ತಪ್ರತಿ ಪ್ರಕಾಶಕರಿಂದ ಮತ್ತೆ ಮತ್ತೆ ಹಿಂದಿರುಗಿತು. ಬೇಸತ್ತು, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡೆಂದು ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಬರೆದರಂತೆ! ಗೆಳೆಯ ಎಸೆಯಲಿಲ್ಲ; ಗ್ರಹಾಂ ಗ್ರೀನ್ ಅವರಿಗೆ ಕೊಟ್ಟನು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹೊರಬಂದಿತು.

ಇಂಥ ಕಥೆಗಳನ್ನು ವೇದಿಕೆಯ ಮೇಲಿಂದ ಹೇಳಿ, ‘ಸೋಲೇ ಗೆಲುವಿನ ಸೋಪಾನ’ ಎಂದು ಮುಗಿಸುವುದು ವಾಡಿಕೆ. ನಾನು ಅಲ್ಲಿಗೆ ನಿಲ್ಲಿಸಲಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಈ ಕಥೆಗಳನ್ನು ಓದುವಾಗ ನನ್ನ ಕಣ್ಣಿಗೆ ಬೇರೊಂದು ಸಂಗತಿ ಬೀಳುತ್ತದೆ. ಅರಮನೆಗೆ ತನ್ನ ಕೊರತೆಯನ್ನು ತಿದ್ದಿಕೊಳ್ಳಲು ಹದಿನೈದು ವರ್ಷಗಳೂ 40 ಲಕ್ಷಕ್ಕೂ ಮೀರಿದ ಹಣವೂ ಇದ್ದವು. ನಾರಾಯಣರ ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ಮಗ ಒಂದು ವರ್ಷ ಓದುತ್ತ ಕುಳಿತರೆ ಮನೆಯ ಒಲೆ ಆರುವಂತಿರಲಿಲ್ಲ. ಆದರೆ ಕೂಲಿಯಿಂದಲೋ ಎರಡೆಕರೆ ಹೊಲದಿಂದಲೋ ಮಗಳನ್ನು ಓದಿಸುತ್ತಿರುವ ಮನೆಯಲ್ಲಿ ಆ ಒಂದು ವರ್ಷ ಎಲ್ಲಿಂದ ಬರಬೇಕು? ಅವಳು ಒಂದು ವಿಷಯದಲ್ಲಿ ನಪಾಸಾದರೆ, ‘ಓದಿದ್ದು ಸಾಕು’ ಎನ್ನುವ ಮಾತು ಹೊಸ್ತಿಲಲ್ಲೇ ಕಾದಿರುತ್ತದೆ. ತಪ್ಪು ಎಲ್ಲರದೂ ಒಂದೇ. ದಂಡ ಮಾತ್ರ ಒಂದೇ ಅಲ್ಲ.

ಆದಕಾರಣ ತಪ್ಪನ್ನು ಒಪ್ಪಿಕೊಳ್ಳುವ ಗುಣ ಒಬ್ಬನ ಮನೋಬಲದಿಂದಷ್ಟೇ ಬರತಕ್ಕದ್ದಲ್ಲ. ತಿದ್ದಿಕೊಳ್ಳಲು ಎಡೆಯೂ ಬೇಕು ಎಂಬುದು ನನ್ನ ಅಭಿಪ್ರಾಯ. ಪುಟ್ಟಪ್ಪನಿಗೆ ನೇರವಾಗಿ ಹೇಳಿದ ಹಿರಿಯರಿದ್ದರು. ನಾರಾಯಣರಿಗೆ ಹಸ್ತಪ್ರತಿಯನ್ನು ನದಿಗೆ ಎಸೆಯದ ಗೆಳೆಯನಿದ್ದನು. ಹಣವಿಲ್ಲದ ನಮ್ಮಂಥವರು ಒಬ್ಬರಿಗೊಬ್ಬರು ಕೊಡಬಲ್ಲುದು ಇದನ್ನೇ. ತರಗತಿಯಲ್ಲಿ ಇಂಗ್ಲಿಷ್ ಪದವೊಂದನ್ನು ಸಹಪಾಠಿ ತಪ್ಪಾಗಿ ಉಚ್ಚರಿಸಿದಾಗ ಹಿಂದಿನ ಬೆಂಚಿನಿಂದ ನಗು ಏಳುತ್ತದೆ. ಮರುದಿನದಿಂದ ಆ ಹುಡುಗ ಬಾಯಿಯನ್ನೇ ತೆರೆಯುವುದಿಲ್ಲ. ಆ ನಗುವಿನ ಬೆಲೆ ನಗುವವರಿಗೆ ತಿಳಿಯದು. ಗುರುಗಳಲ್ಲಿಯೂ ನನ್ನದೊಂದು ವಿನಯಪೂರ್ವಕ ಬಿನ್ನಹವಿದೆ. ಉತ್ತರಪತ್ರಿಕೆಯ ಮೇಲೆ ಅಂಕದೊಡನೆ, ಎಲ್ಲಿ ತಪ್ಪಿತೆಂಬುದನ್ನು ಒಂದು ಸಾಲಿನಲ್ಲಿ ಬರೆದುಕೊಟ್ಟರೆ ಅದೇ ನಮಗೆ ಮನೆಪಾಠವಾದೀತು.

ಇದ್ದುದನ್ನು ಒಪ್ಪಿಕೊಳ್ಳುವುದೆಂದರೆ ಹಣೆಬರಹವೆಂದು ಕೈಕಟ್ಟಿ ಕೂರುವುದೆಂದು ಯಾರೂ ತಿಳಿಯಬಾರದು. ಬಡತನವನ್ನು, ಮೇಲುಕೀಳನ್ನು ಲೋಕದ ರೀತಿಯೆಂದು ಒಪ್ಪಿಕೊಂಡಿದ್ದರೆ ನಮ್ಮಲ್ಲಿ ಅನೇಕರು ಇಂದು ಈ ಕಾಲೇಜಿನಲ್ಲಿ ಇರುತ್ತಿರಲಿಲ್ಲ. ನನಗೆ ಇದು ಬಾರದು ಎಂದು ತಿಳಿಯುವುದು ಒಪ್ಪಿಗೆ. ನನಗೆ ಇದು ಎಂದಿಗೂ ಬಾರದು ಎಂದುಕೊಳ್ಳುವುದು ಶರಣಾಗತಿ. ಇವೆರಡರ ನಡುವಿನ ಅಂತರ ಒಂದೇ ಒಂದು ಪದದ್ದು. ಆ ಪದವನ್ನು ಅಳಿಸಲು ಒಬ್ಬನ ಕೈ ಸಾಲದಾದಾಗ, ಪಕ್ಕದ ಬೆಂಚಿನವನು ತನ್ನ ಕೈಯನ್ನೂ ಸೇರಿಸಲಿ.